ಪೊಟ್ಟಣವಿದೆ, ಕರಗಿಸಲು ನೀರಿಲ್ಲ

ಮಾನ್ಯ ಸಂಪಾದಕರೇ,

ಸುಡಾನಿನ ಕಾಲರಾ ಕುರಿತ ಸುದ್ದಿಗಳಲ್ಲೆಲ್ಲ ಲಸಿಕೆಯ ಕೊರತೆಯದೇ ಮಾತು. ಕೊರತೆ ಸುಳ್ಳಲ್ಲ; ಜಗತ್ತಿಗೆಲ್ಲ ಸೇರಿ ಇಟ್ಟ ತುರ್ತು ಲಸಿಕೆ ದಾಸ್ತಾನು ಸಾಲದೆ 2022ರ ಅಕ್ಟೋಬರ್‌ನಲ್ಲೇ ಎರಡು ಡೋಸ್ ಬದಲು ಒಂದೇ ಡೋಸ್ ಕೊಡುವ ತೀರ್ಮಾನವಾಯಿತು. ಆದರೆ ಇವತ್ತು ನೆಲ ಹಿಡಿದಿರುವ ರೋಗಿಯನ್ನು ಲಸಿಕೆ ಎಬ್ಬಿಸುವುದಿಲ್ಲ.

ಎಬ್ಬಿಸುವುದು ಹೇಗೆಂದು 1971ರಲ್ಲಿ ಪಶ್ಚಿಮ ಬಂಗಾಳದ ಬೊಂಗಾಂವ್‌ನಲ್ಲಿ ಡಾ. ದಿಲೀಪ್ ಮಹಲನಬಿಸ್ ತೋರಿಸಿಕೊಟ್ಟರು. ಪೂರ್ವ ಪಾಕಿಸ್ತಾನದಿಂದ (ಇಂದಿನ ಬಾಂಗ್ಲಾದೇಶ) ಗಡಿ ದಾಟಿ ಬಂದ ಲಕ್ಷಾಂತರ ನಿರಾಶ್ರಿತರು, ಆಸ್ಪತ್ರೆಯ ನೆಲದ ತುಂಬ ರೋಗಿಗಳು. ಡ್ರಿಪ್ ಹಾಕಬೇಕೆಂದರೆ ವಾಂತಿಭೇದಿಯ ನಡುವೆಯೇ ಮಂಡಿಯೂರಬೇಕು. ಸಲೈನ್ ಮುಗಿಯುತ್ತ ಬಂದಾಗ ಅವರು ಲೀಟರ್ ನೀರಿಗೆ 22 ಗ್ರಾಂ ಗ್ಲೂಕೋಸ್, ಮೂರೂವರೆ ಗ್ರಾಂ ಉಪ್ಪು, ಎರಡೂವರೆ ಗ್ರಾಂ ಅಡುಗೆ ಸೋಡಾ ಬೆರೆಸಿ ಡ್ರಮ್‌ಗಳಲ್ಲಿ ತುಂಬಿಸಿಟ್ಟರು. ಲೋಟದಲ್ಲಿ ಹಿಡಿದು ಕುಡಿಸಿದವರು ರೋಗಿಯ ಮನೆಯವರೇ. ಲೀಟರಿಗೆ ತಗುಲಿದ್ದು 11 ಪೈಸೆ. ನೂರಕ್ಕೆ 30ರಷ್ಟಿದ್ದ ಸಾವು 3.6ಕ್ಕೆ ಇಳಿಯಿತು. (ಅವರಿಗೆ ಪದ್ಮವಿಭೂಷಣ ಬಂದದ್ದು 2023ರಲ್ಲಿ, ತೀರಿಕೊಂಡ ಮೇಲೆ!)

ಅಷ್ಟು ಅಗ್ಗದ ಮದ್ದಿದ್ದೂ ಜನ ಸಾಯುವುದೇಕೆ? ಸುಡಾನಿನ ಡಾರ್ಫರ್ ಪ್ರದೇಶದಲ್ಲಿ, ಯುದ್ಧಕ್ಕೆ ಹೆದರಿ ಓಡಿಬಂದವರ ಡೇರೆಗಳು ತುಂಬಿದ ತವೀಲಾದಲ್ಲಿ 2025ರ ಆಗಸ್ಟ್‌ನಲ್ಲಿ ಒಬ್ಬರಿಗೆ ದಿನಕ್ಕೆ ಸಿಗುತ್ತಿದ್ದ ನೀರು ಸರಾಸರಿ ಮೂರು ಲೀಟರ್. ಕುಡಿಯುವುದು, ಬೇಯಿಸುವುದು, ತೊಳೆಯುವುದು ಎಲ್ಲ ಅದರಲ್ಲೇ. ಕಾಲರಾ ಉಲ್ಬಣಿಸಿದವರ ಮೈಯಿಂದ ಅಷ್ಟು ನೀರು ಮೂರ್ನಾಲ್ಕು ಗಂಟೆಗಳಲ್ಲೇ ಅಕ್ಕಿ ತೊಳೆದ ನೀರಿನಂತೆ ಹರಿದುಹೋಗಬಹುದು.

ನಾನು ಹಳ್ಳಿಗಳಲ್ಲಿ ಆರೋಗ್ಯ ಸಹಾಯಕನಾಗಿದ್ದವನು. ವಾಂತಿಭೇದಿಯೆಂದು ಬಂದವರು "ಬಾಟಲಿ ಹಾಕಿಸಿ" ಎಂದು ಹಠ ಹಿಡಿಯುತ್ತಿದ್ದರು. ನೀರಲ್ಲಿ ಕರಗಿಸಿ ಕುಡಿಯುವ ಅಂಥದೇ ಉಪ್ಪು-ಗ್ಲೂಕೋಸಿನ ಓಆರ್‌ಎಸ್ ಪೊಟ್ಟಣ ಕೈಗಿತ್ತರೆ ಸರ್ಕಾರದ ಬಾಟಲಿಯನ್ನು ನಾನೇ ಮನೆಗೆ ಒಯ್ದವನಂತೆ ನೋಡುತ್ತಿದ್ದರು. ದೂರದ ದಾನಿಗಳಿಗೂ ಕಣ್ಣಿಗೆ ಕಾಣುವ ಟೆಂಟು, ಮಂಚ, ಬಾಟಲಿಗಳ ಮೇಲೇ ಮೋಹವೆಂದು ನನ್ನ ಗುಮಾನಿ. ಹಣ ಕಡಿಮೆಯಿದ್ದಾಗ ಅದು ಮೊದಲು ನೀರಿನ ಟ್ಯಾಂಕರಿಗೆ, ಕ್ಲೋರಿನ್‌ಗೆ, ನೀರು ತುಂಬುವ ಜಾಗದಲ್ಲೇ ನಿಂತು ಅದನ್ನು ಬೆರೆಸುವವರ ದಿನಗೂಲಿಗೆ ಹೋಗಬೇಕು. ಡೇರೆಗಳ ಸಾಲಿಗೊಬ್ಬ ಹೆಂಗಸು ಪೊಟ್ಟಣ, ಲೋಟ ಇಟ್ಟುಕೊಂಡು ಕೂತರೆ ಅದೇ ಅರ್ಧ ಆಸ್ಪತ್ರೆ. ಬಾಟಲಿಗಳು ಕುಡಿಯಲೂ ತ್ರಾಣವಿಲ್ಲದವರಿಗೆ ಉಳಿಯಲಿ.

ನಮ್ಮ ದೇಶದಿಂದ ನೆರವಿನ ವಿಮಾನ ಹೋಗುವುದಾದರೆ ಸಾಮಾನಿನ ಪಟ್ಟಿಯಲ್ಲಿ ಕ್ಲೋರಿನ್ ಮಾತ್ರೆಗಳಿಗೆ ಮೊದಲ ಜಾಗ ಸಿಗಲಿ. ತಾವೂ ಇದನ್ನು ಒಮ್ಮೆ ಸಂಪಾದಕೀಯದಲ್ಲಿ ಒತ್ತಿ ಹೇಳಬೇಕೆಂದು ಕೋರುತ್ತೇನೆ.

– ನಿವೃತ್ತ ಆರೋಗ್ಯ ಸಹಾಯಕ, ಹಾವೇರಿ ಜಿಲ್ಲೆ