ಕೆಮಿಯೋ ಎಲ್ಲಿಂದ ಬಂತು?

ಪುಟ್ಟೀ,

ಹಾಸ್ಟೆಲ್ ಊಟ ಹೇಗಿದೆ ಅಂತ ಅಮ್ಮ ಕೇಳುತ್ತಿದ್ದಾಳೆ, ಅವಳಿಗೆ ಬೇರೆ ಬರಿ. ನನ್ನದು ನಿನ್ನ ಜೊತೆ ಜಗಳ. ಎಸ್ಪೆರಾಂಟೊ ಒಬ್ಬ ಮನುಷ್ಯ ಕೂತು ಕಟ್ಟಿದ ಭಾಷೆ, ಅದರ ಪದಗಳಿಗೆ ಎಂಥಾ ಇತಿಹಾಸ ಅಂತ ಫೋನಲ್ಲಿ ನಕ್ಕೆಯಲ್ಲ, ನಾನು ಒಪ್ಪಲ್ಲ. ನೀನು ಹಾಸನಕ್ಕೆ ಹೋಗಿ ಓದುತ್ತಿರುವ ಕೆಮಿಸ್ಟ್ರಿಯನ್ನೇ ತಗೋ.

ಎಸ್ಪೆರಾಂಟೊದಲ್ಲಿ ಅದಕ್ಕೆ ಈಗ 'ಕೆಮಿಯೋ' ಅಂತಾರೆ. ನಾಮಪದ ಆಗಿದ್ದರಿಂದ ಕೊನೆಗೆ 'ಓ'. ಆದರೆ ಜಾಮೆನ್‌ಹಾಫ್ ಮೊದಲು ಕೊಟ್ಟ ಪದ 'ಖೆಮಿಯೋ'. ಆತ ಕಣ್ಣಿನ ಡಾಕ್ಟರ್, 1887ರಲ್ಲಿ ವಾರ್ಸಾದಲ್ಲಿ ಈ ಭಾಷೆಯ ಮೊದಲ ಪುಸ್ತಕ ತಂದವನು. ಆ 'ಖ' ನಮ್ಮ 'ಖಾರ'ದ್ದಲ್ಲ, ಉರ್ದು ಮಾತಾಡುವವರು 'ಖಬರ್' ಅನ್ನುವಾಗ ಗಂಟಲು ಉಜ್ಜಿಕೊಂಡು ಬರುತ್ತಲ್ಲ, ಅದು. ರಷ್ಯನ್, ಪೋಲಿಷ್ ಭಾಷೆಗಳಲ್ಲಿ ಈ ಶಾಸ್ತ್ರದ ಹೆಸರು ಅಂಥದೇ ಸದ್ದಿನಿಂದ ಶುರುವಾಗುತ್ತೆ, ಅವನು ಬೆಳೆದದ್ದೂ ಆ ಮಾತುಗಳ ನಡುವೆಯೇ.

ಅದಕ್ಕೂ ಹಿಂದೆ ಹೋದರೆ ಅರಬ್ಬರ 'ಅಲ್ ಕೀಮಿಯಾ' ಸಿಗುತ್ತೆ. ಯೆಮೆನ್‌ನಿಂದ ಬಾಬಾಬುಡನ್ ತಂದರು ಅನ್ನೋ ನಮ್ಮ ಕಾಫಿಯ ಹಾಗೆ ಇದೂ ಅರಬ್ಬರ ಕೈ ದಾಟಿಯೇ ಯುರೋಪಿಗೆ ಬಂದದ್ದು. ಅರಬ್ಬರಿಗೆ ಕೊಟ್ಟವರು ಗ್ರೀಕರು. ಗ್ರೀಕಿಗೆ ಎಲ್ಲಿಂದ? ಈಜಿಪ್ಟಿನ 'ಕಪ್ಪು ಮಣ್ಣು' ಅನ್ನೋ ಹೆಸರಿನಿಂದ ಅಂತ ಕೆಲವರು, ಲೋಹ ಕರಗಿಸಿ ಸುರಿಯೋ ಗ್ರೀಕ್ ಮಾತಿನಿಂದ ಅಂತ ಕೆಲವರು. ಪಂಡಿತರ ಜಗಳ ಇನ್ನೂ ಮುಗಿದಿಲ್ಲ.

ನನಗೆ ಜಾಸ್ತಿ ಇಷ್ಟವಾದದ್ದು ಆಮೇಲಿನ ಕಥೆ. ಆ ಗಂಟಲು ಸದ್ದು ಎಷ್ಟೋ ಜನರಿಗೆ ತ್ರಾಸಾಯಿತು. ಬರಬರುತ್ತಾ ಖೆಮಿಯೋ ಹೋಗಿ ಕೆಮಿಯೋ ನಿಂತಿತು, ಮಾತಾಡುವವರು ಬಿಟ್ಟರು, ಬಿದ್ದುಹೋಯಿತು, ಅಷ್ಟೇ. ಹಾಗಂತ ಎಲ್ಲಾ ಕಡೆ ಬಿಡೋಕೂ ಆಗಲಿಲ್ಲ ನೋಡು! 'ಖೋರೋ' ಅಂದರೆ ಗುಂಪಿನಲ್ಲಿ ಹಾಡುವವರ ಮೇಳ, 'ಕೋರೋ' ಅಂದರೆ ಹೃದಯ. 'ಚೆಖೋ' ಅಂದರೆ ಚೆಕ್ ದೇಶದವನು, 'ಚೆಕೋ' ಅಂದರೆ ಬ್ಯಾಂಕಿನ ಚೆಕ್. ಗೊಂದಲ ಆಗೋ ಇಂಥ ಕಡೆ ಹಳೇ ಸದ್ದನ್ನೇ ಉಳಿಸಿಕೊಂಡರು. ಕಟ್ಟಿದವನ ಮನೆಯಲ್ಲೇ ಭಾಷೆ ಕೂರಲಿಲ್ಲ, ಅಲ್ವಾ?

ನೀನು ಡಿಗ್ರಿ ಮುಗಿಸಿದರೆ 'ಕೆಮಿಇಸ್ತೋ' ಆಗ್ತೀಯ, ಅಂದರೆ ರಸಾಯನ ಬಲ್ಲವಳು. ಸದ್ಯಕ್ಕೆ ಒಂದು ಕೆಲಸ ಮಾಡು, ಶನಿವಾರ ಚಿಕ್ಕಮಗಳೂರಿಗೆ ಬಾ. ತೋಟಕ್ಕೆ ರೋಗ ತಗಲದ ಹಾಗೆ ಬೋರ್ಡೋ ದ್ರಾವಣ ಹೊಡೆಯಬೇಕು, ಮೈಲುತುತ್ತ ಸುಣ್ಣ ಎರಡೂ ತಂದಿಟ್ಟಿದ್ದೇನೆ. ಕಲಸೋದು ನೀನೇ.

ಅಪ್ಪ