ಸಹಿ ಹಾಕುವ ಮೊದಲು

ಚಿ. ಪುಟ್ಟಿಗೆ ದೊಡ್ಡಪ್ಪನ ಆಶೀರ್ವಾದಗಳು.

ಕಾರ್ಖಾನೆಯಲ್ಲಿ ಡಾಕ್ಟರಾಗಿ ಸೇರಿದ್ದೀಯ, ಕ್ಯಾಂಟೀನ್ ಊಟ ನೋಡಿ ಸಹಿ ಹಾಕೋದೂ ನಿನ್ನ ಪಾಲಿಗೇ ಬಂದಿದೆ ಅಂತ ನಿಮ್ಮಪ್ಪ ಹೇಳಿದ. ಸಂತೋಷ. ಒಂದು ಹಳೇ ಸಿನಿಮಾ ನೋಡು ಅನ್ನೋದಕ್ಕೇ ಈ ಕಾಗದ. ಐಸೆನ್‌ಸ್ಟೈನ್ 1925ರಲ್ಲಿ ತೆಗೆದ ‘ಬ್ಯಾಟಲ್‌ಶಿಪ್ ಪೊಟೆಮ್ಕಿನ್’, ರಷ್ಯದ ಮೂಕಿ ಚಿತ್ರ. 1905ರಲ್ಲಿ ಕಪ್ಪು ಸಮುದ್ರದಲ್ಲಿ ಪೊಟೆಮ್ಕಿನ್ ಅನ್ನೋ ಯುದ್ಧನೌಕೆಯ ನಾವಿಕರು ನಿಜವಾಗಿಯೇ ದಂಗೆ ಎದ್ದ ಕಥೆ.

ಈ ಸಿನಿಮಾ ಅಂದರೆ ಎಲ್ಲರೂ ಒಡೆಸ್ಸಾ ಬಂದರು ಊರಿನ ಮೆಟ್ಟಿಲು, ಉರುಳುವ ಮಗುವಿನ ಗಾಡಿ ಅಂತಲೇ ಹೇಳುತ್ತಾರೆ. ದೊಡ್ಡ ದೃಶ್ಯವೇ, ಇಲ್ಲ ಅನ್ನಲ್ಲ. ನೀನು ಮಾತ್ರ ಶುರುವಿನಲ್ಲಿ ಬರುವ ಹಡಗಿನ ಡಾಕ್ಟರನ್ನು ನೋಡು.

ನೇತುಹಾಕಿದ ಮಾಂಸದಲ್ಲಿ ಹುಳ ಹರಿದಾಡುತ್ತಿವೆ. ನಾವಿಕರು ಗಲಾಟೆ ಮಾಡುತ್ತಾರೆ. ಡಾಕ್ಟರ್ ಬಂದು, ಮೂಗಿಗೆ ಸಿಕ್ಕಿಸಿದ ಕನ್ನಡಕ ತೆಗೆದು, ಎರಡು ಗಾಜನ್ನೂ ಒಂದರ ಮೇಲೊಂದು ಮಡಿಸಿ, ಭೂತಗನ್ನಡಿ ಥರ ಹಿಡಿದು ನೋಡುತ್ತಾನೆ. ಹುಳ ನಮಗೂ ಕಾಣುತ್ತೆ, ಅವನಿಗೂ ಕಾಣುತ್ತೆ. ಆದರೂ ಇವೇನು ಹುಳ ಅಲ್ಲ, ನೊಣದ ಮರಿ, ಉಪ್ಪುನೀರಲ್ಲಿ ತೊಳೆದರೆ ಆಯ್ತು ಅನ್ನುತ್ತಾನೆ! ಅಷ್ಟು ಓದಿದ್ದು ಇದಕ್ಕಾ?

ಆಮೇಲೆ ಸೂಪನ್ನು ಯಾರೂ ಮುಟ್ಟುವುದಿಲ್ಲ. ಒಣ ಬ್ರೆಡ್ ತಿನ್ನುತ್ತಾರೆ, ಹಡಗಿನ ಅಂಗಡಿಯಲ್ಲಿ ಡಬ್ಬಿ ಆಹಾರ ಕೊಳ್ಳುತ್ತಾರೆ. ತೂಗುಹಾಕಿದ ಊಟದ ಮೇಜುಗಳು ಖಾಲಿ ತೂಗಾಡುತ್ತವೆ. ಇಂಥ ಹೊತ್ತಿನಲ್ಲೇ ನೀನು ಹುಷಾರಾಗಿರಬೇಕು. ದೂರು ಬರಲಿಲ್ಲ ಅಂದರೆ ಎಲ್ಲ ಸರಿಯಿದೆ ಅಂತಲ್ಲ. ತಟ್ಟೆಯಲ್ಲಿ ಎಷ್ಟು ಬಿಡ್ತಾರೆ, ಎಷ್ಟು ಜನ ಮನೆಯಿಂದ ಡಬ್ಬಿ ತರ್ತಾರೆ ನೋಡು. ದೂರಿನ ಪುಸ್ತಕಕ್ಕಿಂತ ಜಾಸ್ತಿ ಗೊತ್ತಾಗುತ್ತೆ.

ಕೊನೆಗೆ ಅದೇ ದಂಗೆಯಾಗುತ್ತೆ. ಅದರ ಮುಂದಾಳಾಗಿ ನಿಂತ ನಾವಿಕ ವಕುಲಿಂಚುಕ್ ಸಾಯುತ್ತಾನೆ. ಒಂದು ಚಮಚ ಸೂಪಿಗಾಗಿ ಸತ್ತ ಅಂತ ಅವನ ಹೆಣದ ಮೇಲೆ ಚೀಟಿ ಇಡುತ್ತಾರೆ. ಡಾಕ್ಟರನ್ನು ಸಮುದ್ರಕ್ಕೆ ಎಸೆಯುತ್ತಾರೆ, ಕನ್ನಡಕ ಮಾತ್ರ ಹಗ್ಗಕ್ಕೆ ಸಿಕ್ಕಿ ನೇತಾಡುತ್ತೆ. ಎಸೆದದ್ದು ಸರಿ ಅಂತ ನಾನು ಹೇಳುತ್ತಿಲ್ಲ. ಐಸೆನ್‌ಸ್ಟೈನ್ ನಾವಿಕರ ಪಕ್ಷ ವಹಿಸಿಯೇ ಸಿನಿಮಾ ಮಾಡಿದವನು, ಅದನ್ನೂ ಮರೀಬೇಡ. ಆದರೆ ಊಟದ ಸಿಟ್ಟು ಊಟಕ್ಕೇ ನಿಲ್ಲೋದಿಲ್ಲ. 1946ರ ಫೆಬ್ರವರಿಯಲ್ಲಿ ಬೊಂಬಾಯಿಯ ನೌಕಾಪಡೆ ತರಬೇತಿ ಕೇಂದ್ರ ‘ತಲ್ವಾರ್’ನಲ್ಲಿ ನಮ್ಮ ನಾವಿಕರ ಮುಷ್ಕರ ಶುರುವಾಗಿದ್ದೂ ಕೆಟ್ಟ ಊಟ, ಮೇಲಿನವರ ಬೈಗುಳದಿಂದಲೇ ಅಲ್ವಾ?

ನಿನ್ನ ಟೇಬಲ್ಲಿಗೆ ತಂದ ಸ್ಯಾಂಪಲ್ ನೋಡಿ ಸುಮ್ನೆ ಸಹಿ ಹಾಕಬೇಡ. ಅಕ್ಕಿ ಮೂಟೆ ಬಿಚ್ಚುವಾಗಲೇ ಹೋಗು. ಆಗಾಗ ಕೆಲಸಗಾರರ ಸಾಲಲ್ಲೇ ನಿಂತು ಊಟ ಮಾಡು. ಸರಿಯಿಲ್ಲದಿದ್ದರೆ ಸರಿಯಿಲ್ಲ ಅಂತಲೇ ಬರಿ, ಮ್ಯಾನೇಜರ್ ಮುಖ ನೋಡಬೇಡ.

ಸಿನಿಮಾ ಒಂದೂಕಾಲು ಗಂಟೆ ಅಷ್ಟೇ. ಊಟ ಮುಗಿಸಿಕೊಂಡೇ ನೋಡು. ನಿಮ್ಮ ದೊಡ್ಡಮ್ಮ ಆ ಮಾಂಸ ನೋಡಿ ಅರ್ಧಕ್ಕೇ ಎದ್ದು ಹೋದಳು.

ಇಂತಿ,
ನಿನ್ನ ದೊಡ್ಡಪ್ಪ