ಲಾಲ್‌ಬಾಗ್ ಪ್ರವಾಸ: ಸದಸ್ಯರ ಗಮನಕ್ಕೆ

ಗುಂಪಿನ ಎಲ್ಲ ಸದಸ್ಯರಿಗೆ ನಮಸ್ಕಾರ.

ಬರುವ ಶನಿವಾರ ರಾತ್ರಿ ಎಂಟಕ್ಕೆ ಕಾಸರಗೋಡಿನಿಂದ ಹೊರಡುವ ನಮ್ಮ ಬಸ್ಸು ಕುಂಬಳೆ, ಮಂಜೇಶ್ವರಗಳಲ್ಲಿಯೂ ನಿಲ್ಲಲಿದ್ದು, ಭಾನುವಾರ ಬೆಳಿಗ್ಗೆ ಬೆಂಗಳೂರಿನ ಲಾಲ್‌ಬಾಗ್ ತಲುಪಲಿದೆ.

1760ರಲ್ಲಿ ಹೈದರಾಲಿ ಆರಂಭಿಸಿ, ಟಿಪ್ಪು ಸುಲ್ತಾನ್ ದೂರದೇಶಗಳಿಂದ ಗಿಡಗಳನ್ನೂ ಬೀಜಗಳನ್ನೂ ತರಿಸಿ ಬೆಳೆಸಿದ ಈ ರಾಜೋದ್ಯಾನವು 1856ರಲ್ಲಿ ಸರಕಾರಿ ಸಸ್ಯೋದ್ಯಾನವಾಯಿತು. ಈಗಿನ ವಿಸ್ತಾರ ಸುಮಾರು 240 ಎಕರೆ; ಆದ್ದರಿಂದ ಒಂದೇ ದಿನದಲ್ಲಿ ಎಲ್ಲವನ್ನೂ ನೋಡುವ ಆಸೆ ಬೇಡ. ಮೊದಲು ಬಂಡೆ ಹತ್ತೋಣ. ನಮ್ಮ ಕರಾವಳಿಯ ಕೆಂಪು ಮುರಕಲ್ಲನ್ನೇ ನೋಡಿ ಬೆಳೆದ ನಮಗೆ, ಸುಮಾರು 300 ಕೋಟಿ ವರ್ಷ ಹಳೆಯ ಆ ಬೂದುಬಣ್ಣದ ಶಿಲೆಯನ್ನೂ ಅದರ ನೆತ್ತಿಯ ಮೇಲಿನ ಕೆಂಪೇಗೌಡ ಗೋಪುರವನ್ನೂ ಹತ್ತಿರದಿಂದ ನೋಡುವುದೇ ಈ ಪ್ರವಾಸದ ಮುಖ್ಯ ಲಾಭವೆಂದು ನನ್ನ ಅನಿಸಿಕೆ. ಬಿಸಿಲೇರಿದರೆ ಅಲ್ಲಿ ನೆರಳಿಲ್ಲ, ಬರಿಗಾಲು ಸುಡುತ್ತದೆ. ಚಪ್ಪಲಿ, ಕೊಡೆ, ನೀರು ಜೊತೆಗಿರಲಿ. ಬಳಿಕ, 1889ರಲ್ಲಿ ಬ್ರಿಟಿಷ್ ರಾಜಕುಮಾರ ಆಲ್ಬರ್ಟ್ ವಿಕ್ಟರ್ ಅಡಿಗಲ್ಲು ಹಾಕಿದ ಗಾಜಿನ ಮನೆ ಮತ್ತು ಕೆರೆ.

ರಾತ್ರಿಯ ಬುತ್ತಿ ಅವರವರದೇ. ಎಷ್ಟು ಜನ, ಎಲ್ಲಿ ಬಸ್ಸು ಹತ್ತುವಿರಿ ಎಂಬುದನ್ನು ಬುಧವಾರದೊಳಗೆ ಇಲ್ಲಿಯೇ ತಿಳಿಸಬೇಕಾಗಿ ವಿನಂತಿ. ಮೊಣಕಾಲು ನೋವಿರುವ ಹಿರಿಯರು ಮುಂಚಿತವಾಗಿ ಹೇಳಿದರೆ, ಬಂಡೆ ಹತ್ತುವ ಹೊತ್ತಿನಲ್ಲಿ ಅವರೊಂದಿಗೆ ಕೆಳಗೆ ಒಬ್ಬರು ಇರುವಂತೆ ಏರ್ಪಾಡು ಮಾಡುತ್ತೇವೆ.